ಮೂರು ಪ್ರತಿ ಸವೆಸಿದ ಮೇಲೆ: ಐಸಿಡಿ-10-ಸಿಎಂ ಕೋಡ್ ಪುಸ್ತಕ, ಮಂಡಿಚಿಪ್ಪಿನ ಕೇಸು ನೋಡುವವರಿಗೆ

ಮಂಡ್ಯದವಳಿಗೆ ಮಂಡಿ ಕೇಸೇ ಸಿಗಬೇಕಾ ಅಂತ ಆಫೀಸಿನಲ್ಲಿ ನಗುತ್ತಾರೆ. ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ, ಅಮೆರಿಕದ ಮೂಳೆ ಡಾಕ್ಟರುಗಳು ಬರೆದ ಚಾರ್ಟ್ (ರೋಗಿಯ ದಾಖಲೆ) ಓದಿ, ಬಿಲ್ಲಿಗೆ ಬೇಕಾದ ರೋಗದ ಕೋಡ್ ಹಾಕುವುದು ನನ್ನ ಕೆಲಸ. ನನ್ನ ಪಾಲಿಗೆ ಬರುವುದರಲ್ಲಿ ಮಂಡಿಚಿಪ್ಪು ಪದೇ ಪದೇ ಜಾರುವ ಕೇಸುಗಳು ಜಾಸ್ತಿ. ರೋಗ, ಗಾಯಗಳಿಗೆ ಅಮೆರಿಕದಲ್ಲಿ ಬಳಸುವ ಕೋಡುಗಳ ಪಟ್ಟಿಯೇ ಐಸಿಡಿ-10-ಸಿಎಂ. ಅದರ ಅಚ್ಚಾದ ಪುಸ್ತಕ ಮೊದಲು ಕೊಂಡದ್ದು 2022ರಲ್ಲಿ. ಈಗ ಕೈಯಲ್ಲಿರುವುದು ಮೂರನೆಯದು. ಬೇರೆ ಬೇರೆ ಪ್ರಕಾಶಕರು ಇದನ್ನು ತರುತ್ತಾರೆ. ಕೋಡುಗಳು ಎಲ್ಲದರಲ್ಲೂ ಒಂದೇ. ಬಣ್ಣ, ಟ್ಯಾಬ್, ಟಿಪ್ಪಣಿ ಮಾತ್ರ ಬೇರೆ. ಹಾಗಾಗಿ ಯಾರದ್ದು ಅಂತ ಬರೆಯುತ್ತಿಲ್ಲ.

ಮೊದಲನೆಯ ಪ್ರತಿ 8,000 ರೂಪಾಯಿ ಹತ್ತಿರ ಬಿತ್ತು. ಕೋಡುಗಳ ಪೂರ್ತಿ ಪಟ್ಟಿ ಅಮೆರಿಕ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಆಫೀಸಿನಲ್ಲಿ ಸಾಫ್ಟ್‌ವೇರ್ ಬೇರೆ ಇದೆ. ಮತ್ತೆ ದುಡ್ಡು ಯಾಕೆ ಸುರಿಯಬೇಕು? ಕೋಡ್ ಹಾಕುವವರ ಅರ್ಹತಾ ಪರೀಕ್ಷೆಯಾದ ಸಿಪಿಸಿಗೆ ಬೇಕು ಅಂತ ಕೊಂಡೆ, ಅಷ್ಟೇ. 100 ಪ್ರಶ್ನೆ, 4 ಗಂಟೆ, ಪುಸ್ತಕ ನೋಡಿಕೊಂಡೇ ಬರೆಯುವ ಪರೀಕ್ಷೆ. ಪಾಸಾದ ದಿನವೇ ಅದು ಬೀರುವಿನ ಮೇಲೆ ಹತ್ತಿತು. ಕೆಳಗಿಳಿಸಿದ್ದು ಒಂದು ಚಾರ್ಟ್.

ವಿವರ ಬದಲಿಸಿ ಹೇಳುತ್ತೇನೆ. ಹದಿಹರೆಯದ ಹುಡುಗಿ. ಸೋಫಾದಿಂದ ಏಳುವಾಗ ಬಲಗಾಲಿನ ಚಿಪ್ಪು ಹೊರಗಡೆಗೆ ಜಾರಿದೆ. ಕಾಲು ನೀಡಿದ ತಕ್ಷಣ ತಾನೇ ವಾಪಸ್ ಕೂತಿದೆ. ಬಿದ್ದಿಲ್ಲ, ಏಟಾಗಿಲ್ಲ. ಎರಡು ವರ್ಷದಲ್ಲಿ ಇದು ನಾಲ್ಕನೇ ಸಲ ಅಂತ ಡಾಕ್ಟರ್ ಬರೆದಿದ್ದರು. ನಾನು ಸಾಫ್ಟ್‌ವೇರಿನ ಸರ್ಚ್ ಪೆಟ್ಟಿಗೆಯಲ್ಲಿ 'ಪಟೆಲ್ಲಾ ಡಿಸ್‌ಲೊಕೇಶನ್' (ಮಂಡಿಚಿಪ್ಪು ಜಾರುವುದು) ಅಂತ ಹೊಡೆದು, ಮೇಲೆ ಬಂದದ್ದನ್ನೇ ಒತ್ತಿದೆ: ಎಸ್83.014ಎ. ಅಂದರೆ ಬಲ ಚಿಪ್ಪು ಹೊರಕ್ಕೆ ಜಾರಿದ ಹೊಸ ಗಾಯ, ಚಿಕಿತ್ಸೆ ನಡೆಯುತ್ತಿದೆ ಅಂತ. ಆಡಿಟ್‌ನಲ್ಲಿ ಕೆಂಪು ಗೆರೆ ಬಿತ್ತು. ಹಾಕಬೇಕಿದ್ದದ್ದು ಎಂ22.01, ಅಂದರೆ ಬಲ ಚಿಪ್ಪು ಪದೇ ಪದೇ ಜಾರುವುದು. ನಾಲ್ಕನೇ ಸಲ ಅನ್ನುವುದನ್ನು ನಾನು ಓದಿಯೂ ಇದ್ದೆ. ಪೆಟ್ಟಿಗೆಗೆ ಮಾತ್ರ ಹೇಳಿರಲಿಲ್ಲ.

ಅವತ್ತು ರಾತ್ರಿ ಪುಸ್ತಕದ ಧೂಳು ಒರೆಸಿ ಇಂಡೆಕ್ಸ್ ತೆಗೆದೆ. 'ಡಿಸ್‌ಲೊಕೇಶನ್', ಅದರ ಕೆಳಗೆ 'ಪಟೆಲ್ಲಾ'. ಅಲ್ಲಿಂದ ಸ್ವಲ್ಪ ಒಳಕ್ಕೆ ಸರಿದು ಸಾಲುಗಳು ಶುರು. ಹುಟ್ಟಿನಿಂದ ಇದ್ದರೆ ಕ್ಯೂ74.1. ಏಟಾಗಿ ಹೊರಕ್ಕೆ ಜಾರಿದ್ದರೆ ಎಸ್83.01. ಪದೇ ಪದೇ ಆಗುತ್ತಿದ್ದರೆ ಎಂ22.0. ಪದೇ ಪದೇ, ಆದರೆ ಅರೆಬರೆ ಜಾರುತ್ತಿದ್ದರೆ ಎಂ22.1. ಒಂದೆರಡು ಇಂಚು ಜಾಗದಲ್ಲಿ ಎಲ್ಲ ಕವಲೂ ಇವೆ. ಬೇಕಿಲ್ಲದ ಸಾಲಿನ ಮೇಲೂ ಕಣ್ಣು ಹಾಯಲೇಬೇಕು. ಹಾಯುವಾಗಲೇ 'ಅಯ್ಯೋ, ಎಷ್ಟನೇ ಸಲ ಅಂತ ನೋಡಿದೆನಾ?' ಅಂತ ತಲೆಗೆ ಬರುತ್ತದೆ. ದುಡ್ಡು ಕೊಟ್ಟು ನಾನು ಕೊಂಡದ್ದು ಇದನ್ನೇ ಅಂತ ಈಗ ಅನ್ನಿಸುತ್ತದೆ.

ಪುಸ್ತಕದ ಮುಂಭಾಗದ ನಿಯಮಗಳನ್ನೂ ಹಾರಿಸಬೇಡಿ. ಮರುಕಳಿಸುವ ಕೀಲಿನ ತೊಂದರೆ ಸಾಮಾನ್ಯವಾಗಿ 13ನೇ ಅಧ್ಯಾಯಕ್ಕೆ (ಎಂ ಕೋಡುಗಳು), ಈಗಷ್ಟೇ ಆದ ಗಾಯ 19ನೇ ಅಧ್ಯಾಯಕ್ಕೆ (ಎಸ್ ಕೋಡುಗಳು ಇರುವುದು) ಅನ್ನುವುದು ಅಲ್ಲೇ ಇದೆ. ನನ್ನ ಪ್ರತಿಯಲ್ಲಿ ಆ ಸಾಲಿಗೆ ಹಳದಿ ಬಳಿದು ಬಳಿದು ಹಿಂದಿನ ಪುಟವೂ ಹಳದಿಯಾಗಿದೆ.

ಇನ್ನು 'ಇನ್‌ಸ್ಟೆಬಿಲಿಟಿ' (ಅಸ್ಥಿರತೆ) ಅನ್ನುವ ಪದ. ಕೆಲವು ಡಾಕ್ಟರುಗಳು 'ಪಟೆಲ್ಲರ್ ಇನ್‌ಸ್ಟೆಬಿಲಿಟಿ' ಅಂತ ಎರಡೇ ಪದ ಬರೆದು ಕೈ ತೊಳೆದುಕೊಳ್ಳುತ್ತಾರೆ. ಪೂರ್ತಿ ಜಾರಿತಾ, ಅರ್ಧ ಜಾರಿತಾ, ಜಾರಿಬಿಡುತ್ತದೆ ಅನ್ನುವ ಭಯ ಮಾತ್ರವಾ? ಇಂಡೆಕ್ಸ್‌ನಲ್ಲಿ ಆ ಪದ ಹಿಡಿದು ಹೋದರೆ ಮಂಡಿಗೆ ಎಂ25.36 ಸಿಗುತ್ತದೆ. ಚಿಪ್ಪಿನ ಸುದ್ದಿಯೇ ಇಲ್ಲ. ಚಿಪ್ಪನ್ನು ಒಳಬದಿಯಿಂದ ಹಿಡಿದಿಡುವ ಎಂಪಿಎಫ್‌ಎಲ್ ಲಿಗಮೆಂಟ್ ಹರಿದಿದೆ ಅಂತ ಎಂಆರ್‌ಐ ಹೇಳಿದರೂ, ನಾವೇ ಊಹಿಸಿ ಎಂ22.0 ಹಾಕುವ ಹಾಗಿಲ್ಲ. ಡಾಕ್ಟರಿಗೆ ಕ್ವೆರಿ, ಅಂದರೆ ಬರಹದ ಪ್ರಶ್ನೆ, ಕಳಿಸಬೇಕು. ಅದರಲ್ಲೂ 'ಇದು ಡಿಸ್‌ಲೊಕೇಶನ್ ಅಲ್ವಾ ಸಾರ್?' ಅಂತ ಬಾಯಿಗೆ ಮಾತು ತುರುಕುವಂತಿಲ್ಲ. ಪೂರ್ತಿಯೋ, ಅರೆಯೋ, ಬೇರೆಯೋ, ಹೇಳಲು ಆಗದೋ ಅಂತ ಆಯ್ಕೆ ಕೊಟ್ಟು ಸುಮ್ನೆ ಕಾಯಬೇಕು. ಪುಸ್ತಕ ಇಲ್ಲಿ ಕೈಕೊಡುತ್ತದೆ ನಿಜ. ಆದರೆ ಚಾರ್ಟಿನಲ್ಲಿ ಏನು ಕಮ್ಮಿ ಇದೆ ಅಂತ ತಿಳಿಯುವುದೂ ಆವಾಗಲೇ.

ಎರಡೂ ಕಾಲಿನ ಚಿಪ್ಪು ಪದೇ ಪದೇ ಜಾರುತ್ತಿದ್ದರೆ, ಸೇರಿಸಿ ಒಂದು ಕೋಡ್ ಇಲ್ಲ. ಬಲಕ್ಕೆ ಎಂ22.01, ಎಡಕ್ಕೆ ಎಂ22.02 ಎರಡನ್ನೂ ಹಾಕಬೇಕು.

ದೂರುಗಳೂ ಇವೆ. ಕಾಗದ ಈರುಳ್ಳಿ ಸಿಪ್ಪೆ. ಬೈಂಡಿಂಗ್ ಎಂಟು ತಿಂಗಳಿಗೆ, ಸರಿಯಾಗಿ ಎಂ ಅಕ್ಷರದ ಹತ್ತಿರವೇ ಬಿಟ್ಟುಕೊಂಡಿತು. ವಿವಿ ರಸ್ತೆಯ ಜೆರಾಕ್ಸ್ ಅಂಗಡಿಗೆ ಸ್ಪೈರಲ್ ಹಾಕಿಸಲು ಹೋದರೆ ಅಂಗಡಿಯವರು ತಿರುವಿ ನೋಡಿ 'ಬೈಬಲ್ಲಾ ಮೇಡಂ?' ಅಂದರು. ರೈಲಿನಲ್ಲಿ ಹೊತ್ತು ತಿರುಗುವ ತೂಕವಲ್ಲ. ಪ್ರತಿ ಅಕ್ಟೋಬರ್ 1ಕ್ಕೆ ಹಳತಾಗುತ್ತದೆ. 2022ರಿಂದ ಏಪ್ರಿಲ್ 1ಕ್ಕೂ ತಿದ್ದುಪಡಿ ಬರುತ್ತಿವೆ, ಅವು ಅಚ್ಚಾದ ಪುಸ್ತಕದಲ್ಲಿ ಎಲ್ಲಿಂದ ಬರಬೇಕು? ನನ್ನ ಮೂರೂ ಪ್ರತಿಯಲ್ಲಿ ಎಂ22.0, ಎಂ22.1 ಒಂದೇ ಥರ ಇವೆ, ಅದು ನನ್ನ ಪುಣ್ಯ. ಆಪರೇಷನ್ ಮಾಡಿದ ಡಾಕ್ಟರ್ ಬಿಲ್ಲಿಗೆ ಬೇಕಾದ ಸಿಪಿಟಿ ಕೋಡುಗಳು ಇದರಲ್ಲಿ ಇರುವುದಿಲ್ಲ. ಅದು ಬೇರೆ ಪುಸ್ತಕ, ಬೇರೆ ದುಡ್ಡು.

ಇನ್ನೊಂದು ವಿಷಯ. ಇದು ಅಮೆರಿಕದ ಆವೃತ್ತಿ. ನಮ್ಮ ದೊಡ್ಡಪ್ಪನ ಮಗ ಕಬಡ್ಡಿ ಆಡುವವನು, ಅವನ ಚಿಪ್ಪೂ ಮೂರು ಸಲ ಜಾರಿತ್ತು. ಡಿಸ್‌ಚಾರ್ಜ್ ಶೀಟಿನಲ್ಲಿ 'ಮಂಡಿ ನೋವು' ಅಂತಷ್ಟೇ ಇತ್ತು. ಇನ್ಶೂರೆನ್ಸ್‌ನವರು ಪ್ರಶ್ನೆ ಕೇಳಿ ಕ್ಲೇಮ್ ನಿಲ್ಲಿಸಿದರು. ನಾನು ಜಂಬದಿಂದ ಪುಸ್ತಕ ಬಿಚ್ಚಿದೆ. ಆದರೆ ನಮ್ಮಲ್ಲಿ ಬಳಸುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10ರಲ್ಲಿ ಕೋಡ್ ಎಂ22.0ಕ್ಕೇ ಮುಗಿಯುತ್ತದೆ. ಎಡ, ಬಲ ಕೋಡಿನಲ್ಲಿ ಇಲ್ಲ, ಬರಹದಲ್ಲೇ ಇರಬೇಕು. ಕೊನೆಗೆ ಯಾವ ಕಾಲು, ಎಷ್ಟು ಸಲ, ಮೊದಲ ಸಲ ಯಾವಾಗ ಅಂತ ಡಾಕ್ಟರ್ ಹತ್ತಿರ ಶೀಟ್ ತಿದ್ದಿಸಿ ತಂದ ಮೇಲೆ ಕ್ಲೇಮ್ ಮುಂದೆ ಹೋಯಿತು.

5ಕ್ಕೆ 4 ಕೊಡುತ್ತೇನೆ. ಕಳೆದ 1 ಬೈಂಡಿಂಗ್‌ಗೆ. ಕೊಳ್ಳುವವರು ಆಗಸ್ಟ್‌ನಲ್ಲಿ ಡಿಸ್ಕೌಂಟ್ ನೋಡಿ ಮರುಳಾಗಬೇಡಿ, ಅದು ಒಂದೂವರೆ ತಿಂಗಳಿಗೆ ರದ್ದಿ. ಕವರ್ ಮೇಲೆ ಮುಂದಿನ ವರ್ಷದ ಇಸವಿ ಇದೆಯಾ ನೋಡಿ ತೆಗೆದುಕೊಳ್ಳಿ.