ಸಿಟಿ ಫೀಲ್ಡ್: ಸೋಲುತ್ತಿರುವ ತಂಡದ ಮೈದಾನಕ್ಕೆ ಟಿಕೆಟ್ ಕೊಳ್ಳಬೇಕೆ?

ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿರುವ ಸಿಟಿ ಫೀಲ್ಡ್, ಮೆಟ್ಸ್ ಬೇಸ್‌ಬಾಲ್ ತಂಡದ ತವರು ಮೈದಾನ. 2009ರಲ್ಲಿ ಬಾಗಿಲು ತೆರೆದ ಇಲ್ಲಿ ಸುಮಾರು 42 ಸಾವಿರ ಜನ ಕುಳಿತು ಪಂದ್ಯ ನೋಡಬಹುದು. ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳಲ್ಲಿ, ಊರಿನಿಂದ ಬಂದ ತಂದೆತಾಯಿಯನ್ನೋ ಬೇಸಿಗೆ ರಜೆಯ ಮಕ್ಕಳನ್ನೋ ಒಂದು ಸಂಜೆ ಇಲ್ಲಿಗೆ ಕರೆದೊಯ್ಯುವ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಜೊತೆಗೇ ಬರುತ್ತದೆ: ತಂಡ ಸೋಲುತ್ತಿದೆಯಲ್ಲ, ಈಗ ಹೋಗಿ ಏನು ನೋಡುವುದು? ಈ ವಿಮರ್ಶೆ ಆ ಪ್ರಶ್ನೆಗೆ ನನ್ನ ಉತ್ತರ. ಇದಕ್ಕೆ ಆಧಾರವಾಗಿ 2024ರ ಋತುವನ್ನು ತೆಗೆದುಕೊಂಡಿದ್ದೇನೆ. ಮೈದಾನವೊಂದು ತನ್ನ ಅಭಿಮಾನಿಗೆ ಏನು ಕೊಡುತ್ತದೆ ಎಂಬುದನ್ನು, ತಂಡ ಕುಸಿದು ಮತ್ತೆ ಮೇಲೆದ್ದ ಆ ಆರೇಳು ತಿಂಗಳು ತೋರಿಸಿದಷ್ಟು ಸ್ಪಷ್ಟವಾಗಿ ಬೇರೆ ಯಾವ ವರ್ಷವೂ ತೋರಿಸಿಲ್ಲ.

ಕ್ರಿಕೆಟ್ ನೋಡಿ ಬೆಳೆದವರಿಗೆ ಮೊದಲು ಒಂದು ಮಾತು ಹೇಳಬೇಕು. ಬೇಸ್‌ಬಾಲ್ ತಂಡವೊಂದು ಒಂದು ಋತುವಿನಲ್ಲಿ 162 ಪಂದ್ಯಗಳನ್ನು ಆಡುತ್ತದೆ. ಅವುಗಳಲ್ಲಿ ಅರ್ಧದಷ್ಟು, ಎಂದರೆ 81 ಪಂದ್ಯಗಳು, ತವರಿನಲ್ಲೇ ನಡೆಯುತ್ತವೆ. ಅತ್ಯುತ್ತಮ ತಂಡವೂ ಸಾಮಾನ್ಯವಾಗಿ ಐವತ್ತು ಅರವತ್ತು ಪಂದ್ಯ ಸೋಲುತ್ತದೆ. ಹೀಗಾಗಿ ಸೋಲಿನ ಸಂಜೆಯೊಂದನ್ನು ನೋಡಿ ಬರುವುದು ಇಲ್ಲಿ ಅಪರೂಪದ ದುರದೃಷ್ಟವಲ್ಲ, ಆಟದ ಸಹಜ ಭಾಗ. ಆದರೆ ಸಹಜವಾದ ಸೋಲು ಬೇರೆ, ವಾರಗಟ್ಟಲೆ ಲಯ ಕಳೆದುಕೊಂಡು ಕುಗ್ಗುವುದು ಬೇರೆ. ಅದು ಹೇಗಿರುತ್ತದೆ ಎಂದು ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅದೇ 2024ರ ಐಪಿಎಲ್‌ನಲ್ಲಿ ನಮ್ಮ ಆರ್‌ಸಿಬಿ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತು, ನಂತರ ಸತತ ಆರು ಪಂದ್ಯ ಗೆದ್ದು, ಮೇ 18ರ ರಾತ್ರಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಚೆನ್ನೈ ತಂಡವನ್ನು ಮಣಿಸಿ ಪ್ಲೇಆಫ್ ತಲುಪಿತ್ತು. ಬೆಂಗಳೂರಿನಲ್ಲಿ ಆ ಸಂಭ್ರಮ ನಡೆಯುತ್ತಿದ್ದ ದಿನಗಳಲ್ಲೇ ಕ್ವೀನ್ಸ್‌ನಲ್ಲಿ ಮೆಟ್ಸ್ ಇನ್ನೂ ಆಳಕ್ಕೆ ಇಳಿಯುತ್ತಿತ್ತು.

ಆ ವರ್ಷ ಮೆಟ್ಸ್ ಮೊದಲ ಐದೂ ಪಂದ್ಯಗಳನ್ನು ಸೋತಿತು. ಅದರ ಹಿಂದಿನ ವರ್ಷ, 2023ರಲ್ಲಿ, ಲೀಗಿನಲ್ಲಿ ಯಾರೂ ಕೊಡದಷ್ಟು ಸಂಬಳ ಕೊಟ್ಟು ಕಟ್ಟಿದ ತಂಡ 87 ಪಂದ್ಯ ಸೋತಿತ್ತು. ಋತುವಿನ ನಡುವೆಯೇ ಮ್ಯಾಕ್ಸ್ ಷರ್ಜರ್, ಜಸ್ಟಿನ್ ವರ್ಲಾಂಡರ್ ಎಂಬ ಇಬ್ಬರು ಹೆಸರಾಂತ ಪಿಚರ್‌ಗಳನ್ನು (ಚೆಂಡೆಸೆಯುವವರನ್ನು) ಬೇರೆ ತಂಡಗಳಿಗೆ ಬಿಟ್ಟುಕೊಡಲಾಗಿತ್ತು. ಆದ್ದರಿಂದ ಹೊಸ ವ್ಯವಸ್ಥಾಪಕ ಕಾರ್ಲೋಸ್ ಮೆಂಡೋಸಾ ಅವರ ಮೊದಲ ಏಪ್ರಿಲ್‌ನಲ್ಲಿ ಮೈದಾನಕ್ಕೆ ಬಂದವರು ಹೆಚ್ಚೇನನ್ನೂ ನಿರೀಕ್ಷಿಸಿದವರಲ್ಲ. ತಂಡದ ಮುಖ್ಯ ಆಟಗಾರ ಫ್ರಾನ್ಸಿಸ್ಕೊ ಲಿಂಡೋರ್ ಬ್ಯಾಟಿಗೆ ಚೆಂಡು ತಾಗಿಸುವುದಕ್ಕೇ ತಿಣುಕುತ್ತಿದ್ದ ಆ ದಿನಗಳಲ್ಲಿ, ಅವರು ತವರಿನಲ್ಲಿ ಬ್ಯಾಟ್ ಹಿಡಿದು ಬಂದಾಗ ಪ್ರೇಕ್ಷಕರು ಮೊದಲೇ ಮಾತಾಡಿಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂತೆ ಚೆಂಡನ್ನು ಬೇಲಿ ದಾಟಿಸುವ ಹೊಡೆತ) ಹೊಡೆದ ಮೇಲೆ ತಟ್ಟಿದ ಚಪ್ಪಾಳೆಯಲ್ಲ ಅದು. ಏನೂ ಹೊಡೆಯದೆ ಇದ್ದಾಗ, ನಿನ್ನ ಜೊತೆ ನಾವಿದ್ದೇವೆ ಎಂದು ಹೇಳುವುದಕ್ಕಾಗಿ ತಟ್ಟಿದ್ದು. ಸೋತ ಆಟಗಾರನನ್ನು ನಿರ್ದಾಕ್ಷಿಣ್ಯವಾಗಿ ಹೀಯಾಳಿಸುವುದಕ್ಕೆ ಹೆಸರಾದ ನ್ಯೂಯಾರ್ಕ್‌ನಲ್ಲಿ ಇದು ನಡೆಯಿತು ಎಂಬುದನ್ನು ನೆನೆದರೆ ನನಗೆ ಇಂದಿಗೂ ಮನಸ್ಸು ತುಂಬಿ ಬರುತ್ತದೆ. ಅದೇ ಲಿಂಡೋರ್ ಋತುವಿನ ಕೊನೆಗೆ ನ್ಯಾಷನಲ್ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಶೋಹೇ ಒಟಾನಿಯ ನಂತರದ ಸ್ಥಾನ ಪಡೆದರು.

ಸೋಲಿನ ಕಾಲದಲ್ಲಿ ಈ ಮೈದಾನ ನೋಡುಗನಿಗೆ ಕೊಡುವುದು ಕಡಿಮೆಯೇನಲ್ಲ. ಟಿಕೆಟ್ ದರ ಬೇಡಿಕೆಗೆ ತಕ್ಕಂತೆ ಏರಿಳಿಯುವುದರಿಂದ, ವಾರದ ನಡುವಿನ ಸಂಜೆಗಳಲ್ಲಿ ಮೇಲಂತಸ್ತಿನ ಆಸನಗಳು ಬಹಳ ಅಗ್ಗವಾಗಿ ಸಿಗುತ್ತವೆ. 500ರ ಸಾಲಿನ ಸಂಖ್ಯೆಗಳಿರುವ ಆ ಅಂತಸ್ತಿನಲ್ಲಿ, ಬ್ಯಾಟುಗಾರನ ಬೆನ್ನ ಹಿಂದೆ ಬರುವಂತೆ ಕುಳಿತರೆ ಇಡೀ ಮೈದಾನ ಕಣ್ಣಮುಂದೆ ಹರಡಿಕೊಳ್ಳುತ್ತದೆ. ಪ್ರತಿ ಎಸೆತಕ್ಕೂ ಮುನ್ನ ಕ್ಷೇತ್ರರಕ್ಷಕರು ಎರಡು ಹೆಜ್ಜೆ ಅತ್ತ ಇತ್ತ ಸರಿಯುವುದು, ಬೇಸ್ (ಓಡುವವನು ಮುಟ್ಟಬೇಕಾದ ನೆಲೆ) ಬಿಟ್ಟು ಓಡಲು ಹೊಂಚು ಹಾಕುವವನ ಮೇಲೆ ಪಿಚರ್ ಕಣ್ಣಿಟ್ಟಿರುವುದು, ಚೆಂಡು ಏರಿದ ಕ್ಷಣವೇ ಹೊರಾಂಗಣದ (ಮೈದಾನದ ದೂರದ ಭಾಗದ) ಕ್ಷೇತ್ರರಕ್ಷಕರು ದಿಕ್ಕು ಹಿಡಿದು ಓಡುವುದು, ಎಲ್ಲವೂ ಅಲ್ಲಿಂದ ಕಾಣುತ್ತದೆ. ದೂರದರ್ಶನದ ಪರದೆ ಇದನ್ನು ಎಂದೂ ಒಟ್ಟಿಗೆ ತೋರಿಸುವುದಿಲ್ಲ. ಅರ್ಧ ಖಾಲಿಯಿರುವ ಸಂಜೆಗಳಲ್ಲಿ ಅಕ್ಕಪಕ್ಕದವರೊಂದಿಗೆ ಮಾತೂ ಬೆಳೆಯುತ್ತದೆ. ಮಡಿಲಲ್ಲಿ ಸ್ಕೋರ್ ಪುಸ್ತಕ ಇಟ್ಟುಕೊಂಡು ಒಂದೊಂದು ಎಸೆತವನ್ನೂ ಪೆನ್ಸಿಲಿನಲ್ಲಿ ಗುರುತು ಹಾಕುವ ಹಿರಿಯರು ಅಂಥ ದಿನಗಳಲ್ಲಿ ತಪ್ಪದೆ ಬರುತ್ತಾರೆ, ಹೊಸಬರು ಕೇಳಿದರೆ ಬೇಸರಿಸದೆ ನಿಯಮಗಳನ್ನು ಬಿಡಿಸಿ ಹೇಳುತ್ತಾರೆ. ಆಟ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಆ ಹಿರಿಯರ ತಾಳ್ಮೆಗೆ ಇತಿಹಾಸದ ಹಿನ್ನೆಲೆ ಇದೆ. 1962ರಲ್ಲಿ ಹುಟ್ಟಿದ ಮೆಟ್ಸ್ ಮೊದಲ ವರ್ಷವೇ 120 ಪಂದ್ಯ ಸೋತ ತಂಡ. ಏಳು ವರ್ಷಗಳ ನಂತರ, 1969ರಲ್ಲಿ, ಅದೇ ತಂಡ ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. 1973ರಲ್ಲಿ ಆಗಸ್ಟ್ ತಿಂಗಳ ಕೊನೆಗೂ ತನ್ನ ವಿಭಾಗದ ತಳದಲ್ಲಿದ್ದು, ನಂತರದ ಒಂದೇ ತಿಂಗಳಲ್ಲಿ ಮೇಲೆದ್ದು ವಿಭಾಗವನ್ನೇ ಗೆದ್ದುಕೊಂಡಿತು. ಆಗ ಪಿಚರ್ ಟಗ್ ಮೆಕ್‌ಗ್ರಾ ಎಬ್ಬಿಸಿದ ‘ಯಾ ಗಾಟಾ ಬಿಲೀವ್’ ಎಂಬ ಕೂಗು ಇಂದಿಗೂ ಪ್ರೇಕ್ಷಕರ ಕೈಯಲ್ಲಿನ ಫಲಕಗಳ ಮೇಲೆ ಕಾಣಸಿಗುತ್ತದೆ. 1986ರ ನಂತರ ವರ್ಲ್ಡ್ ಸೀರೀಸ್ ಪ್ರಶಸ್ತಿ ಬಂದಿಲ್ಲವಾದರೂ ಆ ಕೂಗು ನಿಂತಿಲ್ಲ.

ಕಟ್ಟಡದ ವಿಚಾರಕ್ಕೆ ಬಂದರೆ, ಮುಖ್ಯ ದ್ವಾರದ ಜಾಕಿ ರಾಬಿನ್‌ಸನ್ ಸಭಾಂಗಣಕ್ಕೆ ಸ್ವಲ್ಪ ಸಮಯ ಕೊಡಲೇಬೇಕು. 1947ರಲ್ಲಿ ಬ್ರೂಕ್ಲಿನ್ ಡಾಜರ್ಸ್ ಪರ ಆಡಿ, ಕರಿಯರಿಗೆ ಮುಚ್ಚಿದ್ದ ಮೇಜರ್ ಲೀಗಿನ ಬಾಗಿಲನ್ನು ಆಧುನಿಕ ಕಾಲದಲ್ಲಿ ಮೊದಲು ತೆರೆದ ಆಟಗಾರನಿಗೆ ಅರ್ಪಿಸಿದ ಜಾಗವಿದು. ಅವರು ತೊಟ್ಟಿದ್ದ 42ನೇ ಸಂಖ್ಯೆಯ ಬೃಹತ್ ಶಿಲ್ಪ ಇಲ್ಲಿದೆ. ಹೊರಗೋಡೆಯ ಇಟ್ಟಿಗೆ ಕಮಾನುಗಳು ಡಾಜರ್ಸ್ ತಂಡದ ಹಳೆಯ ಎಬೆಟ್ಸ್ ಫೀಲ್ಡ್ ಮೈದಾನವನ್ನು ನೆನಪಿಸುತ್ತವೆ. ಒಳಗೆ, ಮಧ್ಯ ಹೊರಾಂಗಣದ ಆಚೆ, ಮೆಟ್ಸ್ ಆಟಗಾರ ಹೋಮ್ ರನ್ ಹೊಡೆದಾಗಲೆಲ್ಲ ದೊಡ್ಡದೊಂದು ಕೆಂಪು ಸೇಬು ಮೇಲೇಳುತ್ತದೆ. ಮಕ್ಕಳು ಇಡೀ ಸಂಜೆ ಅದಕ್ಕಾಗಿಯೇ ಕಾಯುತ್ತಾರೆ. ಹಿಂದಿನ ಷೇ ಕ್ರೀಡಾಂಗಣದ ಹಳೆಯ ಸೇಬನ್ನೂ ಎಸೆಯದೆ ಹೊರಗೆ ಇರಿಸಿದ್ದಾರೆ. ದೊಡ್ಡ ಪರದೆ ಚೆನ್ನಾಗಿದೆ. ಪ್ರತಿ ಇನ್ನಿಂಗ್ಸ್‌ನ ನಡುವೆ ಧ್ವನಿವರ್ಧಕಗಳು ಒಂದು ಕ್ಷಣವೂ ಸುಮ್ಮನಿರದೆ ಗದ್ದಲ ಮಾಡುವುದು ಮಾತ್ರ ನನಗೆ ಹಿಡಿಸುವುದಿಲ್ಲ, ವಯಸ್ಸಾದವರಿಗೆ ಅದು ನಿಜಕ್ಕೂ ದಣಿವು ತರುತ್ತದೆ.

ಇನ್ನು ಆ ಋತುವಿನ ತಿರುವು. ಮೇ 29ರಂದು ಲಾಸ್ ಏಂಜಲೀಸ್ ಡಾಜರ್ಸ್ ಎದುರು ಇದೇ ಮೈದಾನದಲ್ಲಿ 10–3ರಿಂದ ಸೋತ ಬಳಿಕ, ಲಿಂಡೋರ್ ಆಟಗಾರರನ್ನಷ್ಟೇ ಸೇರಿಸಿ ಸಭೆ ನಡೆಸಿದರು. ಜೂನ್ 2ರ ಹೊತ್ತಿಗೆ ತಂಡದ ಲೆಕ್ಕ 24 ಗೆಲುವು, 35 ಸೋಲು. ಆ ದಿನಗಳಲ್ಲಿ ಮೆಟ್ಸ್‌ನ ಕೆಳಹಂತದ ತಂಡದಿಂದ ಬಂದ ಹೊಸೆ ಇಗ್ಲೇಸಿಯಸ್ ಎಂಬ ಅನುಭವಿ ಆಟಗಾರ ಚೆನ್ನಾಗಿ ಹೊಡೆಯತೊಡಗಿದರು. ಜೂನ್ 12ರಂದು ಮೆಕ್‌ಡೊನಾಲ್ಡ್ಸ್‌ನ ನೇರಳೆ ಬಣ್ಣದ ಗೊಂಬೆ ಗ್ರಿಮೇಸ್ ಸಾಂಕೇತಿಕವಾಗಿ ಮೊದಲ ಚೆಂಡೆಸೆಯಿತು, ಅಂದಿನಿಂದ ತಂಡ ಸತತ ಏಳು ಪಂದ್ಯ ಗೆದ್ದಿತು. ಗೆಲುವಿಗೂ ಗೊಂಬೆಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಜನ ನೇರಳೆ ಅಂಗಿ ತೊಟ್ಟು ಬಂದರು. ಇಗ್ಲೇಸಿಯಸ್ ತಾವೇ ಬರೆದು ಹಾಡಿದ ‘ಓಎಂಜಿ’ ಹಾಡನ್ನು ಜೂನ್ ಕೊನೆಯಲ್ಲಿ ಪಂದ್ಯ ಮುಗಿದ ಮೇಲೆ ಮೈದಾನದಲ್ಲೇ ಹಾಡಿದರು, ಸಹ ಆಟಗಾರರು ಸುತ್ತ ನಿಂತು ಕುಣಿದರು. ಹೋಮ್ ರನ್ ಹೊಡೆದವನು ಡಗೌಟಿನಲ್ಲಿ ಆ ಮೂರಕ್ಷರದ ಫಲಕ ಹಿಡಿದು ನಿಲ್ಲುವುದು ರೂಢಿಯಾಯಿತು. ಮೈದಾನದ ಆಡಳಿತ ಇಲ್ಲಿ ಮೆಚ್ಚುವ ಕೆಲಸ ಮಾಡಿತು. ಈ ಉತ್ಸಾಹವನ್ನು ತಾನು ಹುಟ್ಟಿಸಿದಂತೆ ನಟಿಸದೆ, ಅಭಿಮಾನಿಗಳು ಹಿಡಿದದ್ದಕ್ಕೆ ಜಾಗ ಮಾಡಿಕೊಟ್ಟಿತು. ಬಲಭಾಗದ ಹೊರಾಂಗಣದ ಕಡೆ ಗ್ರಿಮೇಸ್ ನೆನಪಿಗೆ ಇಟ್ಟ ಒಂದೇ ಒಂದು ನೇರಳೆ ಆಸನ ಅದಕ್ಕೆ ಸಾಕ್ಷಿ.

ಇದೇ ಋತುವಿನಲ್ಲಿ ಎಡ್ವಿನ್ ಡಿಯಾಸ್ ಮರಳಿದ್ದನ್ನೂ ಹೇಳಬೇಕು. 2023ರ ಮಾರ್ಚ್‌ನಲ್ಲಿ, ತಾಯ್ನಾಡು ಪೋರ್ಟೊರಿಕೊ ಪರ ಗೆದ್ದು ಸಂಭ್ರಮಿಸುವಾಗಲೇ ಮೊಣಕಾಲಿಗೆ ಪೆಟ್ಟಾಗಿ ಆ ಇಡೀ ವರ್ಷ ಆಡಲಾಗದ ಪಿಚರ್ ಅವರು. ಪಂದ್ಯದ ಕೊನೆಯದಾದ ಒಂಬತ್ತನೇ ಇನ್ನಿಂಗ್ಸ್‌ಗೆ ಅವರು ಬರುವಾಗ ದೀಪಗಳು ಮಂಕಾಗಿ ಕಹಳೆಯ ನಾದ ಮೊಳಗುತ್ತಿತ್ತು. ಧ್ವನಿವರ್ಧಕದ ಗದ್ದಲದ ಬಗ್ಗೆ ನಾನು ಮೇಲೆ ಬರೆದ ಆಕ್ಷೇಪವನ್ನು ಆ ಒಂದು ನಿಮಿಷಕ್ಕೆ ಹಿಂತೆಗೆದುಕೊಳ್ಳುತ್ತೇನೆ.

ಸೆಪ್ಟೆಂಬರ್ 30ರಂದು ಅಟ್ಲಾಂಟಾದಲ್ಲಿ ಲಿಂಡೋರ್ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಹೊಡೆದ ಹೋಮ್ ರನ್ ತಂಡವನ್ನು 8–7ರ ಗೆಲುವಿನೊಂದಿಗೆ ಪ್ಲೇಆಫ್‌ಗೆ ಒಯ್ದಿತು. ಜೂನ್ ಮೊದಲ ವಾರದಲ್ಲಿ ಗೆಲುವಿಗಿಂತ ಹನ್ನೊಂದು ಸೋಲು ಹೆಚ್ಚಿದ್ದ ತಂಡ 89 ಗೆಲುವು, 73 ಸೋಲುಗಳೊಂದಿಗೆ ಋತು ಮುಗಿಸಿತ್ತು. ಮೂರು ದಿನಗಳ ನಂತರ ಮಿಲ್ವಾಕಿಯಲ್ಲಿ, ಸೋಲಿಗೆ ಎರಡೇ ಔಟ್ ಬಾಕಿಯಿದ್ದಾಗ ಪೀಟ್ ಅಲೊನ್ಸೊ ಮೂರು ರನ್‌ಗಳ ಹೋಮ್ ರನ್ ಹೊಡೆದರು. ಅಕ್ಟೋಬರ್ 9ರಂದು ಸಿಟಿ ಫೀಲ್ಡ್‌ನಲ್ಲಿ, ಫಿಲಡೆಲ್ಫಿಯಾ ವಿರುದ್ಧ ಆರನೇ ಇನ್ನಿಂಗ್ಸ್‌ನಲ್ಲಿ ಮೂರೂ ಬೇಸ್‌ಗಳು ತುಂಬಿದ್ದಾಗ ಲಿಂಡೋರ್ ಹೊಡೆದ ಚೆಂಡು ಬೇಲಿ ದಾಟಿತು. 4–1ರಿಂದ ಗೆದ್ದ ಮೆಟ್ಸ್, ಈ ಮೈದಾನದಲ್ಲಿ ಮೊಟ್ಟಮೊದಲ ಬಾರಿಗೆ ಪ್ಲೇಆಫ್ ಸರಣಿಯೊಂದನ್ನು ಗೆದ್ದು ಮುಗಿಸಿತು. ಕಟ್ಟಿ ಹದಿನೈದು ವರ್ಷವಾದರೂ ಇದಕ್ಕೆ ತನ್ನದೇ ನೆನಪುಗಳಿಲ್ಲ ಎಂದು ಹಳೆಯ ಷೇ ಕ್ರೀಡಾಂಗಣದ ಅಭಿಮಾನಿಗಳು ಕೊರಗುತ್ತಿದ್ದುದುಂಟು. ಆ ಕೊರಗು ಅಂದು ತೀರಿತು. ಮುಂದಿನ ಸರಣಿಯಲ್ಲಿ ಡಾಜರ್ಸ್ ಎದುರು ಆರು ಪಂದ್ಯಗಳಲ್ಲಿ ಸೋತರೂ ಜನ ಮುಖ ಬಾಡಿಸಿಕೊಳ್ಳಲಿಲ್ಲ.

ನನ್ನ ದೊಡ್ಡ ಆಕ್ಷೇಪ ಇರುವುದು ಇಲ್ಲೇ. ಮೇ ತಿಂಗಳಲ್ಲಿ ಅಗ್ಗವಾಗಿ ಸಿಗುತ್ತಿದ್ದ ಅದೇ ಮೇಲಂತಸ್ತಿನ ಆಸನದ ಬೆಲೆ ಅಕ್ಟೋಬರ್‌ನಲ್ಲಿ ಅನೇಕ ಪಟ್ಟು ಏರುತ್ತದೆ. ಋತುಪೂರ್ತಿ ಟಿಕೆಟ್ ಕೊಂಡವರಿಗೆ ಪ್ಲೇಆಫ್‌ನಲ್ಲಿ ಮೊದಲ ಆದ್ಯತೆಯಿದೆ ನಿಜ, ಆದರೆ ಸೋಲಿನ ದಿನಗಳಲ್ಲಿ ಬಿಡಿ ಟಿಕೆಟ್ ಕೊಂಡು ಮಕ್ಕಳೊಂದಿಗೆ ಬಂದು ಚಪ್ಪಾಳೆ ತಟ್ಟಿದ ಮನೆಗಳು ಭರವಸೆ ಮರಳಿದ ಹೊತ್ತಿಗೆ ದರ ನೋಡಿ ಮನೆಯಲ್ಲೇ ಉಳಿಯುತ್ತವೆ. ಬೇಡಿಕೆಗೆ ತಕ್ಕ ದರ ಎಂಬುದು ಇಂದು ಎಲ್ಲ ಮೈದಾನಗಳ ಪದ್ಧತಿಯಾದರೂ, ಅಂಥವರಿಗಾಗಿ ಒಂದಿಷ್ಟು ಆಸನಗಳನ್ನು ಹಳೆಯ ದರದಲ್ಲೇ ತೆಗೆದಿಡುವುದು ನ್ಯಾಯ.

ತಲುಪುವುದು ಸುಲಭ. 7ನೇ ಸಂಖ್ಯೆಯ ಸಬ್‌ವೇ ರೈಲು ಮೈದಾನದ ಬಾಗಿಲಿಗೇ ತಂದು ಬಿಡುತ್ತದೆ, ಲಾಂಗ್ ಐಲ್ಯಾಂಡ್ ರೈಲಿಗೂ ಅಲ್ಲೇ ನಿಲ್ದಾಣವಿದೆ, ಕಾರು ಬೇಡ. ಒಳಗಿನ ಊಟಕ್ಕೆ ಒಳ್ಳೆಯ ಹೆಸರಿದೆ. ಆದರೆ ಆ ಹೆಸರು ಬಹುಪಾಲು ಮಾಂಸದ ಸ್ಯಾಂಡ್‌ವಿಚ್‌ಗಳಿಂದ ಬಂದದ್ದು. ಸಸ್ಯಾಹಾರಿಗಳಿಗೆ ಪಿಜ್ಜಾ, ಹುರಿದ ಆಲೂಗಡ್ಡೆಗಳಾಚೆಗೆ ಹೆಚ್ಚಿಲ್ಲ, ಬೆಲೆಯೂ ದುಬಾರಿ. ನಮ್ಮವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿದೆ. ಮೈದಾನದ ನಿಲ್ದಾಣ ದಾಟಿ ಇನ್ನೊಂದೇ ನಿಲ್ದಾಣ ಮುಂದೆ, ಫ್ಲಶಿಂಗ್ ಮೇನ್ ಸ್ಟ್ರೀಟ್‌ನಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಬೌನ್ ಸ್ಟ್ರೀಟ್‌ನ ಗಣಪತಿ ದೇವಸ್ಥಾನ ಸಿಗುತ್ತದೆ. ಅದರ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಬಿಸಿ ದೋಸೆ ತಿಂದು, ಅದೇ ರೈಲಿನಲ್ಲಿ ಹಿಂದಿರುಗಿ ಪಂದ್ಯಕ್ಕೆ ಬರಬಹುದು. ಊರಿನಿಂದ ಬಂದ ಹಿರಿಯರಿಗೆ ದೇವಸ್ಥಾನವೂ ಆಟವೂ ಒಂದೇ ದಿನದಲ್ಲಿ ಆಗುತ್ತದೆ.

2025ರಲ್ಲಿ ಕಥೆ ತಲೆಕೆಳಗಾಯಿತು. ಹೆಸರಾಂತ ಬ್ಯಾಟುಗಾರ ಹ್ವಾನ್ ಸೊಟೊ ಸೇರಿದ ತಂಡ ಜೂನ್ ಮಧ್ಯದವರೆಗೆ ಎಲ್ಲರಿಗಿಂತ ಮುಂದಿದ್ದು, ನಂತರ ಕುಸಿದು, ಋತುವಿನ ಕೊನೆಯ ದಿನ ಪ್ಲೇಆಫ್ ತಪ್ಪಿಸಿಕೊಂಡಿತು. ಅದರಿಂದ ನನ್ನ ಶಿಫಾರಸು ಬದಲಾಗುವುದಿಲ್ಲ. ತಂಡ ಸೋಲುತ್ತಿದ್ದರೂ ಹೋಗಿ ಎಂದೇ ಹೇಳುತ್ತೇನೆ, ಮೊದಲ ಸಲ ಹೋಗುವವರಂತೂ ಗೆಲುವಿನ ಅಲೆಗೆ ಕಾಯದೆ ಹೋಗಿ. ಏಪ್ರಿಲ್ ಸಂಜೆಗಳಲ್ಲಿ ಹತ್ತಿರದ ಕೊಲ್ಲಿಯಿಂದ ಬೀಸುವ ಗಾಳಿ ಮೂಳೆಗೆ ತಾಗುವುದರಿಂದ ದಪ್ಪ ಕೋಟು ಬೇಕು. ಸಾಧ್ಯವಾದರೆ ಮೇ ಕೊನೆಯವರೆಗೆ ಕಾಯುವುದು ವಾಸಿ. ಮಧ್ಯಾಹ್ನದ ಪಂದ್ಯವಾದರೆ ಬೇಗ ನೆರಳು ಬೀಳುವ ಮೂರನೇ ಬೇಸ್ ಬದಿಯನ್ನು ಆರಿಸಿಕೊಳ್ಳಿ. ಮೇಲಂತಸ್ತಿನಲ್ಲಿ ಎಡ ಹೊರಾಂಗಣದ ತುದಿಯ ಆಸನಗಳಿಂದ ಮೈದಾನದ ಒಂದು ಮೂಲೆ ಕಾಣುವುದಿಲ್ಲ. ದರ ಎಷ್ಟೇ ಕಡಿಮೆಯಿದ್ದರೂ ಅವನ್ನು ಬಿಟ್ಟು, ಇನ್ನಷ್ಟು ಕೊಟ್ಟು ಬ್ಯಾಟುಗಾರನ ಬೆನ್ನ ಹಿಂದಿನ ಸಾಲುಗಳನ್ನೇ ಕೊಳ್ಳಿ.