ಮಾವಿಗೆ ಮೋಹಕ ಬಲೆ: ನಾಲ್ಕು ಸುಗ್ಗಿ ಕಟ್ಟಿ ನೋಡಿದ ಮೇಲೆ (ಐದಕ್ಕೆ ಮೂರೂವರೆ ಸ್ಟಾರ್)

ಶ್ರೀನಿವಾಸಪುರದ ಕಡೆ ಮೂರು ಎಕರೆ ಮಾವು ನಮ್ಮದು. ಸ್ವಲ್ಪ ಬಾದಾಮಿ, ಸ್ವಲ್ಪ ಮಲ್ಲಿಕಾ, ಮಿಕ್ಕಿದ್ದೆಲ್ಲ ತೋತಾಪುರಿ. ಹಣ್ಣು ನೊಣಕ್ಕೆ ಇಲ್ಲಿ ಊಜಿ ಅಂತಾರೆ. ರೇಷ್ಮೆ ಹುಳಕ್ಕೆ ಬೀಳೋ ಊಜಿ ಬೇರೆಯೇ, ಆದರೆ ರೇಷ್ಮೆ ಸಾಕಿ ನೊಂದವರ ಬಾಯಲ್ಲಿ ಕಾಟ ಕೊಡೋ ನೊಣವೆಲ್ಲ ಊಜಿಯೇ. ಮೇ ತಿಂಗಳಲ್ಲಿ ಎರಡು ಮಳೆ ಬಿದ್ದರೆ ಸಾಕು, ಹೊರಗೆ ಕಲೆಯಿಲ್ಲದ ಬಾದಾಮಿ ಕೊಯ್ದರೆ ಒಳಗೆ ಬಿಳಿ ಹುಳ ಕುಪ್ಪಳಿಸುತ್ತೆ. 2014ರಲ್ಲಿ ಯುರೋಪಿನವರು ನಮ್ಮ ದೇಶದ ಮಾವನ್ನೇ ಬೇಡ ಅಂದಿದ್ದು ಇದೇ ನೊಣದಿಂದ.

ಎಕರೆಗೆ ಎಂಟರಂತೆ ಬಲೆ ತಂದೆ. ಹಳದಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಪಕ್ಕದಲ್ಲಿ ತೂತು, ಒಳಗೆ ಮೀಥೈಲ್ ಯೂಜಿನಾಲ್ ಅನ್ನೋ ನೊಣ ಸೆಳೆಯೋ ಎಣ್ಣೆ ಮತ್ತು ವಿಷ ಕುಡಿದ ಪ್ಲೈವುಡ್ ತುಂಡು. ನಾನು ಕೊಂಡಾಗ ಒಂದಕ್ಕೆ ನೂರು ರೂಪಾಯಿ ಆಸುಪಾಸು. ಮೊದಲ ದಿನ ಕೈಗವಸು ಇಲ್ಲದೆ ಪೊಟ್ಟಣ ಹರಿದೆ, ಬುದ್ಧಿ ಇಲ್ಲ. ಲವಂಗದ ಹಾಗೆ ಘಾಟು. ಐದು ನಿಮಿಷ ಆಗಿರಲಿಲ್ಲ, ಬೆರಳ ಮೇಲೆ ಮೂರು ನೊಣ ಕೂತು ನೆಕ್ಕೋಕೆ ಶುರು ಮಾಡಿದವು. ಕೈ ಒದರಿದರೂ ಹೋಗಲಿಲ್ಲ, ಮತ್ತೆ ಬಂದು ಅಲ್ಲೇ ಕೂತವು. ಇದು ಹಳೇ ಕತೆ. ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಹೌಲೆಟ್ 1912ರಲ್ಲೇ ಬರೆದಿದ್ದಾರೆ: ಸೊಳ್ಳೆ ಬರದಿರಲಿ ಅಂತ ಸಿಟ್ರೊನೆಲ್ಲಾ ಎಣ್ಣೆ ಹಚ್ಚಿಕೊಂಡವರಿಗೆ ಹಣ್ಣು ನೊಣ ಮುತ್ತಿಕೊಂಡವಂತೆ. ಆ ವಾಸನೆಗಳ ಜಾಡು ಹಿಡಿದು ಹೋದ ಹೌಲೆಟ್ 1915ರ ಹೊತ್ತಿಗೆ ಮೀಥೈಲ್ ಯೂಜಿನಾಲ್‌ಗೆ ಬಂದು ಮುಟ್ಟಿದರು.

ಅಂಗಡಿಯವರು ಇದನ್ನ 'ಹೆಣ್ಣಿನ ವಾಸನೆ' ಅಂತ ಹೇಳಿ ಮಾರ್ತಾರೆ. ಅದು ತಪ್ಪು. ಇದು ಗಿಡದ ಎಣ್ಣೆ, ತುಳಸಿಯಲ್ಲೂ ಇದೆ. ಗಿಡಗಳು ಇಂಥ ಘಾಟು ಇಟ್ಟುಕೊಳ್ಳೋದು ಸಾಮಾನ್ಯವಾಗಿ ತಿನ್ನೋ ಹುಳ ದೂರ ಇರಲಿ ಅಂತ. ಈ ಗಂಡು ನೊಣ ಮಾತ್ರ ಅದನ್ನೇ ಹುಡುಕಿಕೊಂಡು ಬಂದು ನೆಕ್ಕಿ, ಮೈಯೊಳಗೆ ಸ್ವಲ್ಪ ಬದಲಾಯಿಸಿ, ಹಿಂಬದಿಯ ಗ್ರಂಥಿಯಲ್ಲಿ ತುಂಬಿಟ್ಟುಕೊಂಡು, ಮುಸ್ಸಂಜೆ ಹೊತ್ತಿಗೆ ಹೆಣ್ಣನ್ನ ಕರೆಯೋ ಅತ್ತರು ಮಾಡಿಕೊಳ್ಳುತ್ತೆ. ಎಣ್ಣೆ ನೆಕ್ಕಿದ ಗಂಡಿಗೆ ಜೋಡಿ ಬೇಗ ಸಿಗುತ್ತೆ. ಅಂದಮೇಲೆ ಎಣ್ಣೆ ಇದ್ದು ವಿಷ ಸತ್ತುಹೋದ ತುಂಡು ನೇತಾಡ್ತಿದ್ರೆ ನಾವು ನೊಣಕ್ಕೆ ಮದುವೆ ಮಾಡಿಸ್ತಿದ್ದೀವಿ ಅಂತಲೇ ಲೆಕ್ಕ. ಎರಡನೇ ವರ್ಷ ನನಗೆ ಆಗಿದ್ದು ಅದೇ ಇರಬೇಕು. ಪೇಟೆಯ ಒಂದು ಅಂಗಡಿಯಲ್ಲಿ ಹಳೇ ಸ್ಟಾಕ್ ಕಟ್ಟಿಬಿಟ್ಟರು. ನೊಣ ಬಂದು ಕೂತು, ಆರಾಮಾಗಿ ಹಾರಿಹೋಗೋದನ್ನ ನಾನೇ ನಿಂತು ನೋಡಿದೆ. ತಯಾರಾದ ತಿಂಗಳು ನೋಡದೆ ದುಡ್ಡು ಕೊಡಬೇಡಿ.

ಮೊದಲ ವರ್ಷ ಡಬ್ಬಿ ಅರ್ಧ ತುಂಬಿದ್ದು ನೋಡಿ ಊರೆಲ್ಲ ತೋರಿಸಿಕೊಂಡು ಬಂದೆ. ಕೊಯ್ಲಿನಲ್ಲಿ ಮಾತ್ರ ಹುಳ ಹಾಗೇ ಇತ್ತು. ಡಬ್ಬಿಯಲ್ಲಿ ಬಿದ್ದಿದ್ದೆಲ್ಲ ಗಂಡು. ಕಾಯಿಗೆ ಚುಚ್ಚಿ ಮೊಟ್ಟೆ ಇಡೋ ಹೆಣ್ಣು ಬಲೆ ಕಡೆ ತಿರುಗಿಯೂ ನೋಡಲ್ಲ, ಒಂದು ಸಲ ಜೋಡಿಯಾಗಿದ್ದರೆ ಅದರ ಕೆಲಸಕ್ಕೆ ತಡೆಯಿಲ್ಲ. ನಾನು ಕಟ್ಟಿದ್ದು ಕಾಯಿ ಬಲಿತ ಮೇಲೆ. ಈಗ ಕೊಯ್ಲಿಗೆ ಎರಡು ತಿಂಗಳು ಮುಂಚೆಯೇ, ಆಳೆತ್ತರಕ್ಕೆ, ನೆರಳಲ್ಲಿ ಕಟ್ತೀನಿ. ತಂತಿಗೆ ಗ್ರೀಸ್ ಸವರಲೇಬೇಕು, ಇಲ್ಲದಿದ್ರೆ ಇರುವೆ ಸತ್ತ ನೊಣ ಎಲ್ಲ ಹೊತ್ತೊಯ್ದು ಲೆಕ್ಕವೇ ಸಿಗಲ್ಲ.

ಇನ್ನೊಂದು, ಬಿದ್ದ ಹಣ್ಣು. ಅದರೊಳಗಿನ ಹುಳ ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಏಳುತ್ತೆ. ದಿನ ಬಿಟ್ಟು ದಿನ ಆಯ್ದು ಗುಂಡಿಗೆ ಹಾಕಿ ಮುಚ್ಚೋಕೆ ಆಳು ಸಿಗಲ್ಲ, ನಾನೂ ನನ್ನ ಹೆಂಡತಿಯೂ ಆಯ್ತೀವಿ. ಸೊಂಟ ಬಿದ್ದುಹೋಗುತ್ತೆ. ಬಲೆಯ ಪೆಟ್ಟಿಗೆ ಮೇಲೆ ಈ ಕೆಲಸದ ಬಗ್ಗೆ ಒಂದಕ್ಷರ ಇಲ್ಲ, ಅದಕ್ಕೇ ಅರ್ಧ ಸ್ಟಾರ್ ಕಿತ್ತಿದ್ದು.

ಪಕ್ಕದ ತೋಟ ಗುತ್ತಿಗೆ ಹಿಡಿದವನು ಮೂರು ವರ್ಷ ಬಲೆ ಕಟ್ಟಲಿಲ್ಲ. "ಏನಣ್ಣಾ, ನಿನ್ನ ಡಬ್ಬಿ ನಮ್ಮ ಊಜೀನೂ ಕರ್ಕೊಂಡು ಹೋಗ್ತದೆ, ನನಗ್ಯಾಕೆ ಖರ್ಚು?" ಅಂತಿದ್ದ. ಅವನು ಹೇಳಿದ್ದು ಸುಳ್ಳಲ್ಲ, ಬೇಲಿ ಪಕ್ಕದ ಡಬ್ಬಿಗಳೇ ಮೊದಲು ತುಂಬ್ತಿದ್ದವು. ಹೋದ ವರ್ಷ ಅವನ ಲಾರಿಯಿಂದ ಹಣ್ಣು ವಾಪಸ್ ಬಂದ ಮೇಲೆ ಅವನೂ ಕಟ್ಟಿದ. ನನ್ನ ಡಬ್ಬಿಗಳು ಖಾಲಿ ಖಾಲಿ, ಬಾದಾಮಿ ಮಾತ್ರ ನಾಲ್ಕು ವರ್ಷದಲ್ಲೇ ಚೊಕ್ಕ.

ಮಿಕ್ಕಿದ್ದ ಒಂದನ್ನ ಹೆಂಡತಿ ಹಿತ್ತಲ ಹಾಗಲ ಚಪ್ಪರಕ್ಕೆ ಕಟ್ಟಿದ್ದಳು. ಹಾಗಲಕ್ಕೆ ಬರೋ ನೊಣ ಒಂದೂ ಬೀಳಲಿಲ್ಲ. ಅದಕ್ಕೆ ಕ್ಯೂ ಲೂರ್ ಬೇಕು, ಬೇರೆಯೇ ವಾಸನೆ, ಬೇರೆಯೇ ದುಡ್ಡು.