ವೆಬ್‌ಸೈಟ್ ನಿಮ್ಮದು, ಓಟಿಪಿ ಯಾರ ಫೋನಿಗೆ? ಆನ್‌ಲೈನ್ ವ್ಯಾಪಾರ ಶುರು ಮಾಡುವವರು ದಯವಿಟ್ಟು ಓದಿ

ಉಡುಪಿ, ಮಂಗಳೂರು ಕಡೆ ಈಗ ಮನೆಯಲ್ಲೇ ಏನಾದರೂ ಮಾಡಿ ಆನ್‌ಲೈನಲ್ಲಿ ಮಾರುವ ಹುಡುಗ ಹುಡುಗಿಯರು ತುಂಬಾ ಜನ ಇದ್ದಾರೆ. ಹಪ್ಪಳ, ಉಪ್ಪಿನಕಾಯಿ, ಗಾಣದ ತೆಂಗಿನೆಣ್ಣೆ, ಕೇಕ್, ಕೈಮಗ್ಗದ ಸೀರೆ. ಇವರನ್ನೇ ಹುಡುಕಿಕೊಂಡು ಬರುವ ಇನ್ನೊಂದು ಗುಂಪೂ ಇದೆ. ವೆಬ್‌ಸೈಟ್, ಲೈಸೆನ್ಸ್, ಜಿಎಸ್‌ಟಿ, ಸರ್ಕಾರಿ ಸಾಲ, ಜಾಹೀರಾತು ಎಲ್ಲವನ್ನೂ ಒಂದೇ ಪ್ಯಾಕೇಜಿನಲ್ಲಿ ಮಾಡಿಕೊಡುತ್ತೇವೆ ಎನ್ನುವವರು. ನನಗೂ ನನ್ನ ತಂಗಿಗೂ ಅಂಥವರಿಂದ ಆದದ್ದನ್ನು ಬರೆಯುತ್ತಿದ್ದೇನೆ. ದೂರು ವಿಚಾರಣೆಯಲ್ಲಿ ಇರುವುದರಿಂದ ಕಂಪನಿಯ ಹೆಸರು ಹಾಕುವುದಿಲ್ಲ. ಅವರು ಕೆಲಸ ಮಾಡುವ ರೀತಿ ಗೊತ್ತಾದರೆ ಸಾಕು, ನೀವೇ ಗುರುತು ಹಿಡಿಯುತ್ತೀರಿ.

ನಮ್ಮದು ಕಟಪಾಡಿ ಹತ್ತಿರ. ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಮಾವಿನ ಮಿಡಿ ಸಿಗುವಾಗ ಉಪ್ಪಿನಕಾಯಿ. ಅಮ್ಮ ವರ್ಷಗಳಿಂದ ಮಾಡುತ್ತಿದ್ದದ್ದನ್ನೇ ನಾವಿಬ್ಬರೂ ವ್ಯಾಪಾರ ಮಾಡಿಕೊಂಡೆವು. ಮಾರಾಟ ಜೋರಾಗುವುದು ಮಳೆ ಹಿಡಿದ ಮೇಲೆ, ತುಳುವರ ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ. ಮುಂಬೈ, ಠಾಣೆ, ಬೆಂಗಳೂರಲ್ಲಿರುವ ನಮ್ಮೂರಿನವರೇ ಹೆಚ್ಚಿನ ಗಿರಾಕಿಗಳು. ವಾಟ್ಸಾಪಿನಲ್ಲಿ ಬರುವ ಆರ್ಡರ್ ಬರೆದಿಟ್ಟುಕೊಳ್ಳುವುದೇ ಕಷ್ಟವಾದಾಗ ಒಂದು ವೆಬ್‌ಸೈಟ್ ಮಾಡಿಸೋಣ ಅಂತಾಯಿತು.

ಅದೇ ಸಮಯಕ್ಕೆ ಮಂಗಳೂರಿನ ಒಂದು ಹೋಟೆಲ್ ಹಾಲಿನಲ್ಲಿ "ಯುವ ಉದ್ಯಮಿಗಳಿಗೆ ಉಚಿತ ಮಾರ್ಗದರ್ಶನ" ಅಂತ ಕಾರ್ಯಕ್ರಮ ಇತ್ತು. ಮಾತು ಚೆನ್ನಾಗಿತ್ತು. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಅಂದರೇನು, ಆಹಾರ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಯಾಕೆ ಬೇಕು, ಗೂಗಲ್‌ನಲ್ಲಿ ಅಂಗಡಿ ಕಾಣುವಂತೆ ಮಾಡುವುದು ಹೇಗೆ, ಎಲ್ಲ ಹೇಳಿದರು. ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಇವುಗಳಲ್ಲಿ ಹೆಚ್ಚಿನವನ್ನು ನಾವೇ ಉಚಿತವಾಗಿ ಮಾಡಿಕೊಳ್ಳಬಹುದು ಅನ್ನುವುದೊಂದನ್ನು ಮಾತ್ರ ಹೇಳಲಿಲ್ಲ. ಕೊನೆಗೆ ಪ್ಯಾಕೇಜ್ ಇಟ್ಟರು. "ನೀವು ಹಪ್ಪಳ ಮಾಡಿ ಮೇಡಂ, ಕಾಗದಪತ್ರದ ತಲೆಬಿಸಿ ನಮಗೆ ಬಿಡಿ" ಎಂದರು. 45,000 ರೂಪಾಯಿ. ಒಂದು ಭಾಗ ಮುಂಗಡ, ಉಳಿದದ್ದು ಕಂತು.

ಕೇಳಿ ಕೇಳಿ ತರಿಸಿಕೊಂಡ ಬಿಲ್ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಉದ್ಯಮ್ ನೋಂದಣಿಗೆ 2,999 ರೂಪಾಯಿ ಹಾಕಿದ್ದಾರೆ. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿಗೆ ಒಂದು ಪೈಸೆಯೂ ಶುಲ್ಕ ಇಲ್ಲ. ಆಧಾರ್, ಪ್ಯಾನ್ ಇದ್ದರೆ ಸಾಕು, ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡಬೇಕಿಲ್ಲ. 2020ರ ಜುಲೈ 1ರಿಂದ ಈ ವ್ಯವಸ್ಥೆ ಇದೆ. ಇದನ್ನು ನವೀಕರಿಸುವ ಅಗತ್ಯವೇ ಇಲ್ಲ. "ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಅವಧಿ ಮುಗಿಯುತ್ತಿದೆ, ರಿನ್ಯೂ ಮಾಡಿ" ಅಂತ ಯಾರಾದರೂ ಫೋನ್ ಮಾಡಿದರೆ ಅದು ಮೋಸವೇ. ನಮಗೆ ಆ ಫೋನೂ ಬಂದಿತ್ತು.

ಬಿಲ್‌ನ ಮುಂದಿನ ಸಾಲು ಎಫ್‌ಎಸ್‌ಎಸ್‌ಎಐ, 5,500 ರೂಪಾಯಿ. ನಾವು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಇರುವ ಸಣ್ಣವರ ನೋಂದಣಿಗೆ ಸರ್ಕಾರ ತೆಗೆದುಕೊಳ್ಳುತ್ತಿದ್ದದ್ದು ವರ್ಷಕ್ಕೆ 100 ರೂಪಾಯಿ. ಫಾರ್ಮ್ ತುಂಬಿದ್ದಕ್ಕೆ ಕೂಲಿ ಕೇಳಿದರೆ ತಪ್ಪಲ್ಲ, ಸೈಬರ್ ಸೆಂಟರಿನವರೂ ಕೇಳುತ್ತಾರೆ. ಆದರೆ ಬಿಲ್‌ನಲ್ಲಿ ಅದನ್ನು "ಸರ್ಕಾರಿ ಶುಲ್ಕ" ಅಂತ ಬರೆದಿದ್ದಾರೆ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಜಿಎಸ್‌ಟಿಗೆ 3,500. ಇದರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಆದರೆ ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಆ ಮಿತಿ ಲೆಕ್ಕಕ್ಕೆ ಬರುವುದಿಲ್ಲ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಉಂಟು. ನಮ್ಮ ಉಪ್ಪಿನಕಾಯಿ ಮುಂಬೈಗೆ ಹೋಗುತ್ತದೆ, ಹಾಗಾಗಿ ನಮಗೆ ನೋಂದಣಿ ಬೇಕೇ ಇತ್ತು. ಅದೂ ಜಿಎಸ್‌ಟಿ ಪೋರ್ಟಲಿನಲ್ಲಿ ಉಚಿತ. ಒಮ್ಮೆ ನೋಂದಣಿ ಆದರೆ ವ್ಯಾಪಾರ ಇಲ್ಲದಿದ್ದರೂ ರಿಟರ್ನ್ (ವಹಿವಾಟಿನ ಲೆಕ್ಕ) ಹಾಕಬೇಕು, ತಪ್ಪಿದರೆ ದಿನಕ್ಕೆ ಇಷ್ಟು ಅಂತ ತಡ ಶುಲ್ಕ ಬೀಳುತ್ತದೆ. ಅದನ್ನು ಈ ಜನ ಮೊದಲೇ ಹೇಳಲಿಲ್ಲ. ನೋಂದಣಿ ಆದ ಮೇಲೆ ರಿಟರ್ನಿಗೆ ಪ್ರತಿ ತಿಂಗಳು ಬೇರೆ ದುಡ್ಡು ಕೇಳಿದರು. ಕೆಲವರಿಗೆ ಜಿಎಸ್‌ಟಿ ಬೇಡವೇ ಬೇಡ, ಅಂಥವರಿಗೂ ಮಾಡಿಸಿ ತಿಂಗಳ ಫೀಸು ಕಟ್ಟಿಸಿಕೊಳ್ಳುತ್ತಾರೆ. ನಿಮಗೆ ಬೇಕಾ ಬೇಡವಾ ಅಂತ ಊರಿನ ಒಬ್ಬ ಲೆಕ್ಕಪರಿಶೋಧಕರನ್ನು ಮೊದಲು ಕೇಳಿ.

ಇಷ್ಟೇ ಆಗಿದ್ದರೆ ಹಣ ಜಾಸ್ತಿ ಹೋಯಿತು ಅಂತ ಸುಮ್ಮನಾಗಬಹುದಿತ್ತು. ನಿಜವಾದ ತೊಂದರೆ ಬೇರೆಯೇ ಇತ್ತು.

ಠಾಣೆಯಲ್ಲಿರುವ ನಮ್ಮ ಹಳೇ ಗಿರಾಕಿಯೊಬ್ಬರು, ಅಮ್ಮನ ಪರಿಚಯದವರು, ಒಂದು ದಿನ ಫೋನ್ ಮಾಡಿದರು. "ಎಂತ ಮಾರಾಯ್ತಿ, ನಿಮ್ಮ ವೆಬ್‌ಸೈಟಿನ ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಯಾರದ್ದೋ ಹೆಸರು ಬರ್ತದಲ್ಲ? ನಾನು ಹಣ ಹಾಕ್ಲಿಲ್ಲ" ಅಂದರು. ನಾವೂ ಸ್ಕ್ಯಾನ್ ಮಾಡಿ ನೋಡಿದೆವು. ಹಣ ಕಳಿಸುವ ಮೊದಲು ಪರದೆ ಮೇಲೆ ಬರುವ ಹೆಸರು ಆ ಕಂಪನಿಯದ್ದು. ಗಿರಾಕಿಗಳು ಕೊಡುವ ಹಣ ಮೊದಲು ಅವರ ಖಾತೆಗೆ ಹೋಗುತ್ತಿತ್ತು, ಅವರು "ನಿರ್ವಹಣಾ ವೆಚ್ಚ" ಹಿಡಿದುಕೊಂಡು ಉಳಿದದ್ದನ್ನು ನಮಗೆ ಹಾಕುತ್ತಿದ್ದರು. ಕೇಳಿದ್ದಕ್ಕೆ, ಹೊಸಬರಿಗೆ ಪೇಮೆಂಟ್ ಗೇಟ್‌ವೇ (ಆನ್‌ಲೈನಲ್ಲಿ ಹಣ ಪಡೆಯುವ ವ್ಯವಸ್ಥೆ) ಸಿಗುವುದು ತಡ, ಅದಕ್ಕೇ ತಾತ್ಕಾಲಿಕವಾಗಿ ಹೀಗೆ ಮಾಡಿದ್ದೇವೆ ಎಂದರು.

ಆಮೇಲೆ ಒಂದೊಂದೇ ತೆಗೆದು ನೋಡಿದೆವು. ಡೊಮೈನ್, ಅಂದರೆ ನಮ್ಮ ವೆಬ್ ವಿಳಾಸ, ಅವರ ಇಮೇಲಿನ ಖಾತೆಯಲ್ಲಿತ್ತು. ಗೂಗಲ್‌ನಲ್ಲಿ ಕಾಣುವ ನಮ್ಮ ಅಂಗಡಿಯ ಪ್ರೊಫೈಲಿಗೆ ಮಾಲೀಕರು ಅವರು, ತಂಗಿ ಬರೀ ಮ್ಯಾನೇಜರ್. ಎಫ್‌ಎಸ್‌ಎಸ್‌ಎಐ ಮತ್ತು ಜಿಎಸ್‌ಟಿ ಎರಡರಲ್ಲೂ ಸಂಪರ್ಕದ ಮೊಬೈಲ್ ನಂಬರ್ ಅವರ ಆಫೀಸಿನದ್ದು. ಮನೆ ನಮ್ಮದು, ಬೀಗದ ಕೈಯೆಲ್ಲ ಅವರ ಸೊಂಟದಲ್ಲಿ ಎಂಬಂತಾಗಿತ್ತು.

ನಮ್ಮ ಕೆಲಸವನ್ನು ನಾವೇ ನೋಡಿಕೊಳ್ಳುತ್ತೇವೆ, ಎಲ್ಲವನ್ನೂ ನಮ್ಮ ಹೆಸರಿಗೆ ಮಾಡಿಕೊಡಿ ಅಂತ ಕೇಳಿದೆವು. 30,000 ರೂಪಾಯಿ "ಬಿಡುಗಡೆ ಶುಲ್ಕ" ಕೊಡಿ ಎಂದರು. ಒಪ್ಪಂದದಲ್ಲಿ ಎಲ್ಲಿದೆ ಅಂತ ಕೇಳಿದ ಮೇಲೆ ಉತ್ತರ ನಿಂತಿತು. ಅದಾದ ಸ್ವಲ್ಪ ದಿನಕ್ಕೆ ವೆಬ್‌ಸೈಟೂ ನಿಂತಿತು. ಆಟಿಯ ಮಧ್ಯದಲ್ಲಿ, ಇಡೀ ಬೇಸಿಗೆ ಒಣಗಿಸಿ ಡಬ್ಬ ತುಂಬಿಟ್ಟ ಹಪ್ಪಳ ಹೋಗಬೇಕಾದ ಹೊತ್ತಿನಲ್ಲಿ. ಪ್ಯಾಕೆಟ್ಟಿಗೆ ಅಂಟಿಸುವ ಲೇಬಲ್‌ಗಳನ್ನು ಒಟ್ಟಿಗೆ ಪ್ರಿಂಟ್ ಹಾಕಿಸಿದ್ದೆವು. ಅದರ ಮೇಲೆ ನಮ್ಮ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಕೆಳಗೆ ವೆಬ್ ವಿಳಾಸ, ಪಕ್ಕದಲ್ಲಿ ಕ್ಯೂಆರ್. ಅಮ್ಮ ರಾತ್ರಿ ಕೂತು ಒಂದೊಂದು ಲೇಬಲ್ಲಿನ ವಿಳಾಸದ ಮೇಲೂ ಬಿಳಿ ಸ್ಟಿಕ್ಕರ್ ಅಂಟಿಸಿ ಪೆನ್ನಿನಲ್ಲಿ ಫೋನ್ ನಂಬರ್ ಬರೆದರು. ಅದನ್ನು ನೋಡುವಾಗ ಆದ ಸಂಕಟ ಈಗಲೂ ಹೋಗಿಲ್ಲ.

ಏನೇನು ವಾಪಸ್ ಬಂತು, ಹೇಗೆ ಬಂತು ಅಂತ ಹೇಳುತ್ತೇನೆ, ಇದು ಬೇರೆಯವರಿಗೂ ಬೇಕಾಗುತ್ತದೆ. ಗೂಗಲ್ ಪ್ರೊಫೈಲ್ ಸುಲಭವಾಗಿ ಸಿಕ್ಕಿತು. ಆ ಪುಟದಲ್ಲೇ ಮಾಲೀಕತ್ವ ಕೇಳುವ ಅವಕಾಶ ಇದೆ. ಈಗಿನ ಮಾಲೀಕರಿಗೆ ಉತ್ತರಿಸಲು 3 ದಿನ ಕೊಡುತ್ತಾರೆ, ಅವರು ಸುಮ್ಮನಿದ್ದರೆ ನಾವೇ ದೃಢೀಕರಿಸಿ ಪಡೆದುಕೊಳ್ಳುವ ದಾರಿ ತೆರೆಯಬಹುದು. ನಮಗೆ ಹಾಗೆಯೇ ಸಿಕ್ಕಿತು. ಜಿಎಸ್‌ಟಿಯಲ್ಲಿ ಏಜೆಂಟರ ಮೊಬೈಲ್, ಇಮೇಲ್ ಇದ್ದರೆ, ನಿಮ್ಮ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿಯ ಬಳಿ ದಾಖಲೆ ತೆಗೆದುಕೊಂಡು ಹೋಗಿ. ಪರಿಶೀಲಿಸಿ ನಿಮ್ಮ ನಂಬರ್, ಇಮೇಲ್ ಹಾಕಿಕೊಡುತ್ತಾರೆ, ಹೊಸ ಪಾಸ್‌ವರ್ಡ್ ನಿಮ್ಮ ಇಮೇಲಿಗೆ ಬರುತ್ತದೆ. ಎಫ್‌ಎಸ್‌ಎಸ್‌ಎಐ ನಂಬರನ್ನೂ ಜಿಲ್ಲೆಯ ಆಹಾರ ಸುರಕ್ಷತಾ ಕಚೇರಿಗೆ ಅರ್ಜಿ ಕೊಟ್ಟು ಸರಿ ಮಾಡಿಸಿಕೊಂಡೆವು. ಡೊಮೈನ್ ಮಾತ್ರ ಸಿಗಲಿಲ್ಲ. ಅದನ್ನು ಇನ್ನೊಂದು ಕಂಪನಿಗೆ ವರ್ಗಾಯಿಸಲು ಒಂದು ರಹಸ್ಯ ಕೋಡ್ ಬೇಕು, ಅದು ಖಾತೆ ಇರುವವರ ಕೈಯಲ್ಲಿ ಇರುತ್ತದೆ. ಹೊಸ ವಿಳಾಸವನ್ನೇ ಕೊಂಡೆವು. ಆ ಖಾತೆಯನ್ನು ತಂಗಿಯೇ ಕೂತು ತೆರೆದಳು, ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ವಿಷಯ ಅಷ್ಟೇ.

ಹಣದ ಬಗ್ಗೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆವು. ಕಂಪನಿಯವರ ವಾದ, "ನೀವು ವ್ಯಾಪಾರಸ್ಥರು, ಗ್ರಾಹಕರಲ್ಲ" ಅಂತ. ಇದಕ್ಕೆ ಹೆದರಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯನ್ನು ಹೊರಗಿಟ್ಟಿದ್ದಾರೆ, ನಿಜ. ಆದರೆ ಸ್ವಂತ ಉದ್ಯೋಗ ಮಾಡಿ ಹೊಟ್ಟೆಪಾಡು ನೋಡಿಕೊಳ್ಳುವವರು ಕೊಂಡ ಸರಕಿಗೆ ಅದೇ ಕಾಯ್ದೆಯಲ್ಲಿ ವಿನಾಯಿತಿ ಇದೆ, ಸೇವೆಗೂ ಆ ವಾದ ನಿಲ್ಲುತ್ತದಾ ಅಂತ ವಕೀಲರನ್ನು ಕೇಳಿ. ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಡಲು ಶುಲ್ಕವೂ ಇಲ್ಲ, ಆನ್‌ಲೈನಲ್ಲೇ ಹಾಕಬಹುದು. ನಮ್ಮ ದೂರು ಅಲ್ಲಿದೆ. ಗಿರಾಕಿಗಳ ಹಣ ಹಿಡಿದುಕೊಂಡ ವಿಷಯವನ್ನು ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೂ ಬರೆದುಕೊಟ್ಟಿದ್ದೇವೆ. ನಿಮ್ಮ ಖಾತೆಯಿಂದ ಯಾರಾದರೂ ಮೋಸದಿಂದ ಹಣ ಎಳೆದರೆ ಮಾತ್ರ ಠಾಣೆಗೆ ಹೋಗುವವರೆಗೂ ಕಾಯಬೇಡಿ, ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಗೂಗಲ್‌ನಲ್ಲಿ ಉದ್ಯಮ್ ನೋಂದಣಿ ಅಂತ ಹುಡುಕಿದಾಗ ಮೇಲೆ ಬರುವ ಕೆಲವು ಪುಟಗಳು ಜಾಹೀರಾತು. ತ್ರಿವರ್ಣ, ಅಶೋಕ ಚಕ್ರ, ಸರ್ಕಾರಿ ಫಾರ್ಮಿನ ಹಾಗೇ ಕಾಣುವ ಫಾರ್ಮ್, ಎಲ್ಲ ಇರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇದು ಖಾಸಗಿ ಸಲಹಾ ಸಂಸ್ಥೆ ಅಂತ ಬರೆದಿರುತ್ತಾರೆ. ವಿಳಾಸದ ಕೊನೆ ನೋಡಿ. ಉದ್ಯಮ್, ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐನ ನೋಂದಣಿ ಪೋರ್ಟಲ್ ಫಾಸ್ಕಾಸ್, ಸ್ಟಾರ್ಟಪ್ ಇಂಡಿಯಾ, ಎಲ್ಲದಕ್ಕೂ ಕೊನೆಯಲ್ಲಿ ಡಾಟ್ ಗವ್ ಡಾಟ್ ಇನ್ ಇರುತ್ತದೆ. ನಡುವೆ ಎಲ್ಲೋ ಗವ್ ಅಂತ ಇದ್ದರೆ ಸಾಲದು, ಕೊನೆಯಲ್ಲೇ ಇರಬೇಕು.

ಸಾಲದ ವಿಷಯವೂ ಹಾಗೆಯೇ. ನಮ್ಮ ಬಿಲ್‌ನಲ್ಲಿ "ಮುದ್ರಾ ಫೈಲ್ ಚಾರ್ಜ್" ಅಂತ ಒಂದು ಸಾಲಿತ್ತು. ಮುದ್ರಾ ಅಂದರೆ ಸಣ್ಣ ವ್ಯಾಪಾರದವರಿಗೆ ಕೇಂದ್ರ ಸರ್ಕಾರದ ಸಾಲ ಯೋಜನೆ. ಅದಕ್ಕೆ ಏಜೆಂಟರೇ ಇಲ್ಲ, ಸಾಲ ಕೊಡುವುದು ಬ್ಯಾಂಕ್. ಅದರ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. ಕೆನರಾ, ಸಿಂಡಿಕೇಟ್, ವಿಜಯಾ, ಕರ್ಣಾಟಕ, ಕಾರ್ಪೊರೇಷನ್, ಇಷ್ಟು ಬ್ಯಾಂಕುಗಳು ಹುಟ್ಟಿದ ಊರು ನಮ್ಮದು. ಬ್ಯಾಂಕಿನ ಮ್ಯಾನೇಜರನ್ನು ನೇರವಾಗಿ ಹೋಗಿ ಮಾತಾಡಿಸಲು ನಮಗೆ ನಡುವೆ ಒಬ್ಬರು ಯಾಕೆ ಬೇಕು?

ಕೂತು ಹೇಳಿಕೊಡುವವರು ಬೇಕು ಅಂದರೆ ಉಜಿರೆಯ ರುಡ್‌ಸೆಟ್ (ಸ್ವ ಉದ್ಯೋಗ ತರಬೇತಿ ಸಂಸ್ಥೆ) ಇದೆ. 1982ರಲ್ಲಿ ಅಲ್ಲೇ ಶುರುವಾದದ್ದು. ಬ್ರಹ್ಮಾವರದಲ್ಲೂ ಇದೆ. ತರಬೇತಿ, ಊಟ, ವಸತಿ ಉಚಿತ. ಸರ್ಕಾರಿ ಯೋಜನೆಗಳ ಮಾಹಿತಿಗೆ ಜಿಲ್ಲಾ ಕೈಗಾರಿಕಾ ಕೇಂದ್ರ ಉಂಟು, ಮಂಗಳೂರಿನದ್ದು ಯೆಯ್ಯಾಡಿಯಲ್ಲಿ. ಆಹಾರ ಉತ್ಪನ್ನ ಮಾಡುವವರು ಪಿಎಂಎಫ್‌ಎಂಇ (ಕಿರು ಆಹಾರ ಉದ್ದಿಮೆಗಳ ಸಹಾಯಧನ ಯೋಜನೆ) ಈಗಲೂ ಇದೆಯಾ ಅಂತ ಕೇಳಿ ನೋಡಿ. 2020ರಲ್ಲಿ ಬಂದ ಯೋಜನೆ, ಸಾಲ ತೆಗೆದು ಹಾಕುವ ಯಂತ್ರೋಪಕರಣದಂಥ ವೆಚ್ಚಕ್ಕೆ 35 ಶೇಕಡಾ, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ಇತ್ತು. ಅರ್ಜಿಗೆ ಸಹಾಯ ಮಾಡುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿಗೆ ಯೋಜನೆಯೇ ಸಂಭಾವನೆ ಕೊಡುತ್ತಿತ್ತು, ನಾವು ಕೊಡಬೇಕಿರಲಿಲ್ಲ.

ವೆಬ್‌ಸೈಟ್ ಮಾಡಿಸುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. ಪ್ರಾಮಾಣಿಕವಾಗಿ ಕೆಲಸ ಮಾಡುವ ಹುಡುಗರು ನಮ್ಮಲ್ಲೇ ಬೇಕಾದಷ್ಟು ಇದ್ದಾರೆ, ನಮ್ಮ ಈಗಿನ ಸೈಟ್ ಮಾಡಿಕೊಟ್ಟವನೂ ಅಂಥವನೇ. ಮೊದಲ ದಿನವೇ ಅವನು, "ಅಕ್ಕ, ಡೊಮೈನ್ ನಿಮ್ಮ ಇಮೇಲಲ್ಲಿ ನೀವೇ ತಗೊಳ್ಳಿ, ನನಗೆ ಕೆಲಸ ಮಾಡುವಷ್ಟು ಪ್ರವೇಶ ಕೊಟ್ರೆ ಸಾಕು" ಅಂದ. ಸರಿಯಾಗಿ ಕೆಲಸ ಮಾಡುವವರು ಹೀಗೇ ಮಾತಾಡುತ್ತಾರೆ.

ಈಗಾಗಲೇ ಇಂಥ ಪ್ಯಾಕೇಜಿನಲ್ಲಿ ಸಿಕ್ಕಿಕೊಂಡಿದ್ದರೆ ಜಗಳಕ್ಕೆ ಮೊದಲೇ ಹೋಗಬೇಡಿ. ನಿಮ್ಮ ಅಂಗಡಿಯ ಕ್ಯೂಆರ್ ಅನ್ನು ಬೇರೆ ಫೋನಿನಿಂದ ಸ್ಕ್ಯಾನ್ ಮಾಡಿ ಯಾರ ಹೆಸರು ಬರುತ್ತದೆ ನೋಡಿ. ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ, ಗೂಗಲ್ ಪ್ರೊಫೈಲ್, ಡೊಮೈನ್, ಇನ್‌ಸ್ಟಾಗ್ರಾಂ, ಒಂದೊಂದಕ್ಕೂ "ಪಾಸ್‌ವರ್ಡ್ ಮರೆತಿದೆ" ಅಂತ ಒತ್ತಿ, ಓಟಿಪಿ ಯಾರ ಫೋನಿಗೆ ಬರುತ್ತದೆ ಗಮನಿಸಿ. ಗಿರಾಕಿಗಳ ಫೋನ್ ನಂಬರ್, ಆರ್ಡರ್ ಪಟ್ಟಿ, ಫೋಟೋಗಳು, ಕಂಪನಿಯವರ ಜೊತೆಗಿನ ವಾಟ್ಸಾಪ್ ಮಾತುಕತೆ, ಬಿಲ್, ಹಣ ಕಳಿಸಿದ ದಾಖಲೆ ಎಲ್ಲವನ್ನೂ ನಿಮ್ಮ ಬಳಿ ಉಳಿಸಿಕೊಳ್ಳಿ. ಬದಲಾಯಿಸಲು ಆಗುವುದನ್ನೆಲ್ಲ ನಿಮ್ಮ ನಂಬರಿಗೆ ಬದಲಾಯಿಸಿ. ಅದಾದ ಮೇಲೆ ಅವರಿಗೆ ಇಮೇಲ್ ಬರೆಯಿರಿ. ಬಾಯಿಮಾತಲ್ಲಿ ಬೇಡ, ಬರಹದಲ್ಲೇ ಕೇಳಿ.